ಕ್ಲಚ್ ಪ್ಲೇಟು, ಕಚ್ಚಾ ಬಿಲ್ಲು ಮತ್ತು 1872ರ ಒಂದು ಕಾಯ್ದೆ



ಹೋದ ತಿಂಗಳು ನಮ್ಮ ಕನ್ನಡ ಕಾರ್ಯಕ್ರಮದ ನಡುವೆ, ಹಾಡಿನ ಕೋರಿಕೆಗಳ ಸಾಲಿನಲ್ಲಿ ಒಂದು ಫೋನು ಬಂತು. ಧನಕವಡಿಯಿಂದ. ಯಾವ ಹಾಡು ಬೇಕು ಅಂತ ಕೇಳಿದೆ. "ಅಕ್ಕಾರ, ಹಾಡು ಬ್ಯಾಡ್ರಿ ಇವತ್ತ. ಒಂದು ಮಾತ ಕೇಳೂದೈತಿ" ಅಂದರು ಆ ಕಡೆಯವರು. ಕಾರ್ಯಕ್ರಮ ಮುಗಿದ ಮೇಲೆ ಮತ್ತೆ ಮಾಡಿ ಅಂದೆ. ಮಾಡಿದರು.

ಮೂಲ ಊರು ಇಂಡಿ ತಾಲ್ಲೂಕಿನ ಕಡೆ. ಪುಣೆಗೆ ಬಂದು ಬಹಳ ವರ್ಷವಾಯಿತು. ಸ್ವಂತ ಟ್ಯಾಕ್ಸಿ ಒಂದಿದೆ, ತಾವೇ ಓಡಿಸುತ್ತಾರೆ. ಗಾಡಿಯ ಕ್ಲಚ್ ಹಿಡಿಯುತ್ತಿಲ್ಲ ಅಂತ ಸಾತಾರಾ ರಸ್ತೆಯ ಆಸುಪಾಸಿನ ಒಂದು ಗ್ಯಾರೇಜಿಗೆ ಬಿಟ್ಟರು. ಹನ್ನೊಂದು ದಿನ ಗಾಡಿ ಅಲ್ಲೇ. ಹನ್ನೊಂದು ದಿನದ ದುಡಿಮೆ ಹೋಯಿತು. ಕೊನೆಗೆ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು ಎಲ್ಲಾ ಹೊಸದು ಹಾಕಿದ್ದೇವೆ ಅಂತ ಒಂದು ಹರಕು ಚೀಟಿಯ ಮೇಲೆ ಹದಿನೆಂಟು ಸಾವಿರದ ಲೆಕ್ಕ ಬರೆದು ಕೊಟ್ಟರು. ಮೂರೇ ವಾರ. ಕಾತ್ರಜ್ ಘಾಟು ಏರುವಾಗ ಅದೇ ಕಾಯಿಲೆ, ಎಕ್ಸಿಲೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಬೇರೊಬ್ಬ ಮಿಸ್ತ್ರಿಯ ಹತ್ತಿರ ಬಿಚ್ಚಿಸಿದರೆ ಒಳಗಿದ್ದದ್ದು ಸವೆದು ಕರಿಯಾದ ಹಳೇ ಪ್ಲೇಟು! ಮೊದಲಿನ ಗ್ಯಾರೇಜಿನವನ ಹತ್ತಿರ ಹೋಗಿ ಕೇಳಿದರೆ, "ಬಿಲ್ಲು ತೋರಿಸು" ಅಂದನಂತೆ. ಬಿಲ್ಲು ಕೊಡದವನೇ ಬಿಲ್ಲು ಕೇಳುವುದು!

ಅವರಿಗೆ ಹೆಚ್ಚು ನೋವಾಗಿದ್ದು ದುಡ್ಡಿನದಲ್ಲ. ಸ್ಟ್ಯಾಂಡಿನಲ್ಲಿ ತಿಳಿದವರೊಬ್ಬರು, "ಗ್ರಾಹಕರ ಕೋರ್ಟು ಸಾಹುಕಾರ ಮಂದಿ ಕಾರಿಗೆ. ನಿಂದು ಟ್ಯಾಕ್ಸಿ, ಧಂದೆ. ನಿನಗ ಅದು ನಡೆಯೂದಿಲ್ಲ" ಅಂದುಬಿಟ್ಟಿದ್ದರು. "ಹಂಗಾರ ನನ್ನಂಥಾವ್ರಿಗೆ ಕಾಯ್ದೆನ ಇಲ್ಲೇನ್ರಿ ಅಕ್ಕಾರ?" ಅಂತ ಕೇಳಿದರು.

ನಾನು ಓದಿದ್ದು ಕನ್ನಡ ಬಿ.ಎ. ಕಾಯ್ದೆ ಪುಸ್ತಕ ನನಗೆ ಹಳಗನ್ನಡಕ್ಕಿಂತ ಕಷ್ಟ. ಆದರೂ ಗೊತ್ತಿಲ್ಲ ಅಂತ ಫೋನಿಡಲು ಮನಸ್ಸು ಬರಲಿಲ್ಲ. ವಕೀಲ ಮಿತ್ರರನ್ನು ಕೇಳಿ, ಪುಸ್ತಕ ತಿರುವಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕಥೆಯ ಒಂದು ಮುಖ್ಯ ಅಧ್ಯಾಯ ನಮ್ಮ ಪುಣೆಯಲ್ಲೇ ನಡೆದದ್ದು ಅನ್ನುವುದು ನನಗೂ ಮೊದಲು ಗೊತ್ತಿರಲಿಲ್ಲ.

ನಮ್ಮ ದೇಶಕ್ಕೆ ಕಾರು ಬರುವುದಕ್ಕೂ ಮೊದಲೇ ಗ್ಯಾರೇಜಿನ ಕಾಯ್ದೆ ಬಂದಿತ್ತು ಅಂದರೆ ನಗಬೇಡಿ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ, ಒಬ್ಬರು ತಮ್ಮ ವಸ್ತುವನ್ನು ಒಂದು ಕೆಲಸಕ್ಕಾಗಿ ಇನ್ನೊಬ್ಬರ ವಶಕ್ಕೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸು ಪಡೆಯುವ ವ್ಯವಹಾರಕ್ಕೆ ಒಂದು ಇಡೀ ಅಧ್ಯಾಯವಿದೆ. ಕನ್ನಡದ ಕಾನೂನು ಪುಸ್ತಕಗಳು ಇದನ್ನು 'ನಿಕ್ಷೇಪ' ಅನ್ನುತ್ತವೆ. ನಿಕ್ಷೇಪ ಅಂದರೆ ನೆಲದಲ್ಲಿ ಹೂತಿಟ್ಟ ಕೊಪ್ಪರಿಗೆ ಅಂತಲೇ ನಾನು ತಿಳಿದಿದ್ದೆ! ಬೇರೆಯವರ ವಸ್ತುವನ್ನು ಇಟ್ಟುಕೊಂಡವನು, ಸಾಮಾನ್ಯ ಜಾಣತನದ ಮನುಷ್ಯ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ಮಾಡಬೇಕು ಅನ್ನುತ್ತದೆ 151ನೇ ಕಲಮು. 170ನೇ ಕಲಮು ಇನ್ನೂ ಸೊಗಸು. ಕೆಲಸ ಮಾಡಿದವನು ತನ್ನ ಕೂಲಿ ಸಿಗುವ ತನಕ ವಸ್ತುವನ್ನು ತಡೆದಿಟ್ಟುಕೊಳ್ಳಬಹುದು. ಅಲ್ಲಿ ಕೊಟ್ಟ ಉದಾಹರಣೆ ವಜ್ರಕ್ಕೆ ಸಾಣೆ ಹಿಡಿಯುವವನದು ಮತ್ತು ಕೋಟು ಹೊಲಿಯುವ ದರ್ಜಿಯದು. ಮೂರು ತಿಂಗಳು ಸಾಲ ಕೊಡುತ್ತೇನೆಂದು ಒಪ್ಪಿಕೊಂಡ ದರ್ಜಿ ಮಾತ್ರ ಕೋಟು ತಡೆಹಿಡಿಯುವಂತಿಲ್ಲ. "ದುಡ್ಡು ಕೊಟ್ಟು ಗಾಡಿ ಒಯ್ಯಿ" ಅನ್ನುವ ಗ್ಯಾರೇಜಿನವನ ಹಕ್ಕು ಬಂದಿದ್ದು ಇಲ್ಲಿಂದ. ಆದರೆ ಆ ಹಕ್ಕು ಇರುವುದು ಒಪ್ಪಿಕೊಂಡ ಕೆಲಸವನ್ನು ಒಪ್ಪಿಕೊಂಡ ಹಾಗೆ ಮಾಡಿದವನಿಗೆ. ಕೆಲಸವನ್ನೇ ಮಾಡದೆ ಚೀಟಿ ಬರೆದವನಿಗಲ್ಲ.

ಹಕ್ಕೇನೋ ಇತ್ತು, ದಾರಿ ಎಲ್ಲಿತ್ತು? ಸಿವಿಲ್ ಕೋರ್ಟಿಗೆ ಹೋಗಬೇಕು, ಶುಲ್ಕ ಕಟ್ಟಬೇಕು, ವಕೀಲರನ್ನು ಹಿಡಿಯಬೇಕು, ವರ್ಷಗಟ್ಟಲೆ ಅಲೆಯಬೇಕು. ಒಂದು ಕ್ಲಚ್ ಪ್ಲೇಟಿಗಾಗಿ ಯಾರು ಹೋಗುತ್ತಾರೆ? ಗ್ಯಾರೇಜಿನವರಿಗೂ ಅದು ಗೊತ್ತು.

ಇದು ನಮ್ಮ ದೇಶದ ರೋಗ ಮಾತ್ರ ಅಂದುಕೊಳ್ಳಬೇಡಿ. 1941ರಲ್ಲಿ ಅಮೆರಿಕದ ರೀಡರ್ಸ್ ಡೈಜೆಸ್ಟ್ ಪತ್ರಿಕೆ ಒಂದು ಮಜವಾದ ಪರೀಕ್ಷೆ ಮಾಡಿಸಿತು. ಚೆನ್ನಾಗಿದ್ದ ಕಾರಿನಲ್ಲಿ ಕಾಯಿಲ್‌ನ ಒಂದು ತಂತಿಯನ್ನು ಮಾತ್ರ ಬಿಚ್ಚಿ, ಊರೂರಿನ ಗ್ಯಾರೇಜುಗಳಿಗೆ ಒಯ್ದು ತೋರಿಸಿದರು. ತಂತಿ ಸಿಕ್ಕಿಸಿದರೆ ಮುಗಿಯಿತು, ಅರ್ಧ ನಿಮಿಷದ ಕೆಲಸ. 347 ಗ್ಯಾರೇಜುಗಳಲ್ಲಿ 218 ಕಡೆ ಇಲ್ಲದ ರೋಗ ಹೇಳಿದರು, ಮಾಡದ ಕೆಲಸಕ್ಕೆ ದುಡ್ಡು ಹಿಡಿದರು, ಇಲ್ಲವೇ ಹೆಚ್ಚಿಗೆ ವಸೂಲು ಮಾಡಿದರು. ಉಳಿದ 129 ಕಡೆ ತಂತಿ ಸಿಕ್ಕಿಸಿ ಕಳಿಸಿದರು. ಹಾಗಾಗಿ ಎಲ್ಲಾ ಮಿಸ್ತ್ರಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ನನ್ನ ಹಳೇ ಸ್ಕೂಟಿ ನೋಡುವ ಚಾಚಾ, "ಬೇಟಿ, ಇನ್ನೂ ಆರು ತಿಂಗಳು ಓಡುತ್ತದೆ, ಈಗಲೇ ಟೈರು ಯಾಕೆ?" ಅಂತ ವಾಪಸು ಕಳಿಸಿದ್ದಾರೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1971ರಲ್ಲಿ ವಾಹನ ರಿಪೇರಿಗೆಂದೇ ಕಾಯ್ದೆ ಮಾಡಿ, ಅದನ್ನು ನೋಡಿಕೊಳ್ಳಲು ಒಂದು ಇಲಾಖೆಯನ್ನೂ ಕಟ್ಟಿತು. ಕೆಲಸಕ್ಕೆ ಮೊದಲು ಎಸ್ಟಿಮೇಟ್ ಬರೆದು ಕೊಡಬೇಕು. ಮಾಲೀಕರನ್ನು ಕೇಳದೆ ಅದಕ್ಕಿಂತ ಹೆಚ್ಚು ಹಿಡಿಯಬಾರದು. ಬಿಚ್ಚಿದ ಹಳೇ ಭಾಗವನ್ನು ಕೇಳಿದರೆ ವಾಪಸು ಕೊಡಬೇಕು. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನಮ್ಮಲ್ಲಿ ಆಗ ಏನಿತ್ತು? ಲೈಸೆನ್ಸ್ ಕಾಲ. ಕಾರು ಅಂದರೆ ಅಂಬಾಸಿಡರ್, ಫಿಯೆಟ್. ಇಲ್ಲೇ ಆಕುರ್ಡಿಯಲ್ಲಿ ತಯಾರಾಗುತ್ತಿದ್ದ ಬಜಾಜ್ ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಮಗಳ ಮದುವೆಯ ಲೆಕ್ಕ ಹಾಕಿ ಸ್ಕೂಟರ್ ಬುಕ್ ಮಾಡಿದ ತಂದೆಯರ ಕಥೆ ಪುಣೆಯ ಹಿರಿಯ ಕನ್ನಡಿಗರ ಮನೆಗಳಲ್ಲಿ ಈಗಲೂ ಕೇಳಬಹುದು. ವಸ್ತು ಸಿಕ್ಕಿದ್ದೇ ಪುಣ್ಯ ಅನ್ನುವ ಕಾಲದಲ್ಲಿ ಮಾರುವವನೇ ದೊರೆ, ರಿಪೇರಿ ಮಾಡುವವನು ಮಂತ್ರಿ. ಕೊಳ್ಳುವವನು ಕೈಮುಗಿದು ನಿಲ್ಲಬೇಕು.

ಅಂಥ ಕಾಲದಲ್ಲಿ, 1974ರಲ್ಲಿ, ಪುಣೆಯಲ್ಲಿ ಬಿಂದುಮಾಧವ ಜೋಶಿಯವರು ಗ್ರಾಹಕ ಪಂಚಾಯತ ಶುರುಮಾಡಿದರು. ಮರು ವರ್ಷದ ಯುಗಾದಿಗೆ, ಮರಾಠಿಯವರ ಗುಡಿ ಪಾಡ್ವಾ ದಿನ, ಮುಂಬಯಿಯಲ್ಲೂ ಗ್ರಾಹಕ ಪಂಚಾಯತ ಹುಟ್ಟಿತು. ಅಕ್ಕಪಕ್ಕದ ಮನೆಯವರು ಸೇರಿ ದಿನಸಿಯನ್ನು ಒಟ್ಟಿಗೆ ತರಿಸಿ ಹಂಚಿಕೊಳ್ಳುವುದು ಅಲ್ಲಿನ ಕೆಲಸ. ನೋಡಲು ಸಣ್ಣದು. ಆದರೆ ಒಬ್ಬನೇ ನಿಂತರೆ ಬಗ್ಗದ ಅಂಗಡಿಯವನು ನೂರು ಮನೆ ಒಟ್ಟಾದರೆ ಬಗ್ಗುತ್ತಾನೆ ಅನ್ನುವುದು ಜನರಿಗೆ ಅಲ್ಲಿ ಕಣ್ಣಾರೆ ಕಂಡಿತು. ನಮ್ಮ ಅಂಗಡಿ ಬೀದಿಯ 'ಗಿರಾಕಿ' ಅನ್ನುವ ಮಾತೂ ಈ 'ಗ್ರಾಹಕ'ನ ವಂಶದ್ದೇ. ಗಿರಾಕಿ ಅಂದಾಗ ಸ್ವಲ್ಪ ಸಸಾರ, ಗ್ರಾಹಕ ಅಂದಾಗ ಸ್ವಲ್ಪ ಮರ್ಯಾದೆ... ಭಾಷೆಗೂ ಎಲ್ಲಾ ಗೊತ್ತಿರುತ್ತದೆ ನೋಡಿ.

ಬಳಕೆದಾರರಿಗೂ ಹಕ್ಕುಗಳಿವೆ ಎಂದು ಅಮೆರಿಕದ ಅಧ್ಯಕ್ಷ ಕೆನಡಿ ತಮ್ಮ ಸಂಸತ್ತಿಗೆ ಹೇಳಿದ್ದು 1962ರ ಮಾರ್ಚ್ 15ರಂದು. ವಿಶ್ವಸಂಸ್ಥೆ ಈ ಬಗ್ಗೆ ಮಾರ್ಗಸೂಚಿ ಒಪ್ಪಿದ್ದು 1985ರಲ್ಲಿ. ಮರುವರ್ಷ, 1986ರ ಡಿಸೆಂಬರ್ 24ರಂದು, ನಮ್ಮ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ ದಿನವನ್ನೇ ರಾಷ್ಟ್ರೀಯ ಗ್ರಾಹಕ ದಿನ ಅಂತ ಆಚರಿಸುತ್ತೇವೆ. ಜಿಲ್ಲೆಗೊಂದು ವೇದಿಕೆ, ರಾಜ್ಯಕ್ಕೊಂದು, ದೇಶಕ್ಕೊಂದು ಆಯೋಗ ಬಂದವು. ವಕೀಲರು ಬೇಕೇಬೇಕು ಅಂತಿಲ್ಲ, ನೀವೇ ನಿಂತು ಮಾತಾಡಬಹುದು. 'ಸೇವಾ ನ್ಯೂನತೆ' ಅನ್ನುವ ಮಾತು ಕಾಯ್ದೆಯ ಪುಸ್ತಕದಿಂದ ಜನರ ಬಾಯಿಗೆ ಬಂತು. ದುಡ್ಡು ತೆಗೆದುಕೊಂಡು ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡದಿದ್ದರೆ ಅದೇ ನ್ಯೂನತೆ. ಗ್ಯಾರೇಜೂ ಅದರೊಳಗೆ ಬಂತು.

ಈಗ ನಮ್ಮ ಇಂಡಿಯ ಅಣ್ಣನ ಪ್ರಶ್ನೆಗೆ ಬರೋಣ. ಟ್ಯಾಕ್ಸಿಯವರು ಗ್ರಾಹಕರೋ ಅಲ್ಲವೋ?

ಸ್ಟ್ಯಾಂಡಿನ ತಿಳಿವಳಿಕಸ್ಥರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. 1986ರ ಕಾಯ್ದೆಯಲ್ಲಿ ವ್ಯಾಪಾರದ ಉದ್ದೇಶಕ್ಕೆ ವಸ್ತು ಕೊಂಡವರು ಗ್ರಾಹಕರಲ್ಲ ಅಂತ ಇತ್ತು. ಹಾಗಾದರೆ ಹೊಲಿಗೆ ಯಂತ್ರ ಕೊಂಡು ಬದುಕುವ ವಿಧವೆ, ಆಟೋ ಕೊಂಡು ತಾನೇ ಓಡಿಸುವವನು, ಇವರೆಲ್ಲ ಏನು? 1993ರಲ್ಲಿ ಕಾಯ್ದೆ ತಿದ್ದಿ ಒಂದು ವಿವರಣೆ ಸೇರಿಸಿದರು. ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ತಾನೇ ಬಳಸಿದರೆ ಅದು ವ್ಯಾಪಾರದ ಉದ್ದೇಶವಲ್ಲ. 1995ರಲ್ಲಿ ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಬಾಡಿಗೆಗೆಂದು ಆಟೋ ಕೊಂಡು ಹೊಟ್ಟೆಪಾಡಿಗೆ ತಾನೇ ಓಡಿಸುವವನು ಗ್ರಾಹಕನೇ, ಲಾರಿ ಕೊಂಡು ತಾನೇ ಓಡಿಸುವವನೂ ಗ್ರಾಹಕನೇ, ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡರೂ ಗ್ರಾಹಕನೇ. ಆ ಪ್ರಕರಣ ತಂದವರು ಮಾತ್ರ ಸೋತರು, ಅವರದು ದೊಡ್ಡ ಯಂತ್ರದ ವ್ಯವಹಾರ. ಸೋತವರ ದಾವೆಯಿಂದ ಲಾಭವಾದದ್ದು ಊರೂರಿನ ಆಟೋ ಚಾಲಕರಿಗೆ!

ಆದರೆ ಇದೆಲ್ಲ ವಸ್ತು ಕೊಂಡವರ ಮಾತು. ರಿಪೇರಿ ಅನ್ನುವುದು ಸೇವೆ. 2002ರಲ್ಲಿ ಕಾಯ್ದೆಯನ್ನು ಮತ್ತೆ ತಿದ್ದಿದಾಗ ವ್ಯಾಪಾರಕ್ಕಾಗಿ ಸೇವೆ ಪಡೆದವರನ್ನೂ ಹೊರಗಿಟ್ಟರು, ಜೊತೆಗೆ ಹೊಟ್ಟೆಪಾಡಿನ ವಿವರಣೆಯನ್ನು ಸೇವೆಗೂ ಹಚ್ಚಿದರು. ಹತ್ತು ಗಾಡಿ ಇಟ್ಟು ಡ್ರೈವರುಗಳ ಕೈಲಿ ಓಡಿಸುವ ಸಾಹುಕಾರರಿಗೆ ಬಾಗಿಲು ಮುಚ್ಚಿತು. ಒಂದೇ ಗಾಡಿ, ತಾನೇ ಸ್ಟಿಯರಿಂಗ್ ಹಿಡಿದವನಿಗೆ ತೆರೆದೇ ಉಳಿಯಿತು. ದೂರಿನಲ್ಲಿ ಈ ಮಾತನ್ನು ಬರೆಯಲೇಬೇಕು, ಬರೆಯದಿದ್ದರೆ ಎದುರಿನವರ ಮೊದಲ ಬಾಣ ಅದೇ.

ಹಳೇ ಕಾಯ್ದೆ ಹೋಗಿ 2019ರ ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂತು. ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಎರಡು ಸಂಗತಿ. ನಿಯಮದ ಪ್ರಕಾರ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ ಅಂತ ಹೊಸ ಕಾಯ್ದೆ ಹೇಳುತ್ತದೆ. ಅಂದರೆ "ಬಿಲ್ಲು ತೋರಿಸು" ಅಂದವನು ತನ್ನ ತಪ್ಪನ್ನೇ ಒಪ್ಪಿಕೊಂಡ ಹಾಗಾಯಿತು. ಮತ್ತೊಂದು, ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಊರಿಗೆ ಹೋದಾಗ ಸೊಲ್ಲಾಪುರದಲ್ಲೋ ವಿಜಯಪುರದಲ್ಲೋ ಗಾಡಿ ಕೆಟ್ಟು ಮೋಸ ಹೋದ ಪುಣೆಯ ಕನ್ನಡಿಗರು ಪುಣೆಯ ಜಿಲ್ಲಾ ಆಯೋಗಕ್ಕೇ ಹೋಗಬಹುದು. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಐವತ್ತು ಲಕ್ಷದವರೆಗೆ ಜಿಲ್ಲಾ ಆಯೋಗವೇ ನೋಡುತ್ತದೆ. ಮೂರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕು ಅನ್ನುತ್ತದೆ ಕಾಯ್ದೆ. ಆ ಮೂರು ತಿಂಗಳನ್ನು ನಂಬಿ ಯಾರೂ ಮದುವೆ ಮುಹೂರ್ತ ಇಡಬೇಡಿ.

ಇನ್ನೊಂದು ಮಾತು. ಕೆಲವು ಸಲ ಮಿಸ್ತ್ರಿಗೆ ಅಸಲಿ ಬಿಡಿಭಾಗವೇ ಸಿಗುವುದಿಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗಗಳನ್ನೂ ರಿಪೇರಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದರು ಅನ್ನುವುದು ಆರೋಪ. ಕಂಪನಿಗಳು ಮೇಲಿನ ಮೆಟ್ಟಿಲು ಹತ್ತಿದವು, ಅದು ಬೇರೆ ಕಥೆ. ನಾನಾ ಪೇಟೆಯ ಅಂಗಡಿ ಸಾಲಿನಲ್ಲಿ "ಓರಿಜಿನಲ್ಲಾ, ಡೂಪ್ಲಿಕೇಟಾ?" ಅಂತ ಕೇಳುವ ಪ್ರಶ್ನೆಯ ಹಿಂದೆ ಇಷ್ಟು ದೊಡ್ಡ ಜಗಳ ಇದೆ.

ಇಂಡಿಯ ಅಣ್ಣನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅರ್ಧ ಕೇಳಿ, "ಅದೆಲ್ಲಾ ಇರ್ಲಿ ಅಕ್ಕಾರ, ಈಗ ಮೊದಲ ಏನ್ ಮಾಡ್ಲಿ?" ಅಂದರು. ಸರಿಯೇ. ವಕೀಲ ಮಿತ್ರರು ಹೇಳಿದ ಹಾಗೆ ಮಾಡಿದರು. ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿ ದೂರು ದಾಖಲಿಸಿದರು. ಎರಡನೇ ಮಿಸ್ತ್ರಿಯಿಂದ, ಬಿಚ್ಚಿದಾಗ ಒಳಗೆ ಏನಿತ್ತು ಅನ್ನುವುದನ್ನು ಬರೆಸಿ ಸಹಿ ಹಾಕಿಸಿಕೊಂಡರು. ಆ ಮಿಸ್ತ್ರಿ ಮೊದಲು ಹಿಂಜರಿದನಂತೆ, ಒಂದೇ ಓಣಿಯ ಕಸುಬಿನವರು ನೋಡಿ. ಕೊನೆಗೆ, "ಸುಳ್ಳು ಬರೆಯುತ್ತಿಲ್ಲವಲ್ಲ" ಅಂತ ಬರೆದುಕೊಟ್ಟ. ದುಡ್ಡನ್ನು ಫೋನಿನಿಂದ ಕಳಿಸಿದ್ದರಿಂದ ತಾರೀಖು ಸಮೇತ ಬ್ಯಾಂಕಿನ ದಾಖಲೆ ಸಿಕ್ಕಿತು. ಹರಕು ಚೀಟಿಯೂ ಇತ್ತು, ಪುಣ್ಯಕ್ಕೆ ಮನೆಯವರು ದೇವರ ಫೋಟೋದ ಹಿಂದೆ ಸಿಕ್ಕಿಸಿದ್ದರು. ಕಾಲೇಜು ಓದುವ ಮಗಳು ಮರಾಠಿಯಲ್ಲಿ ನೋಟೀಸು ಬರೆದಳು, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ ಹದಿನೈದು ದಿನ ಕಾಯ್ದರು.

ಗ್ಯಾರೇಜಿನಿಂದ ಒಬ್ಬ ಹುಡುಗ ಬಂದು ಐದು ಸಾವಿರ ಕೊಡುತ್ತೇನೆ, ಬಿಟ್ಟುಬಿಡಿ ಅಂದನಂತೆ. "ಏನ್ ಮಾಡಿದ್ರಿ?" ಅಂದೆ.

"ಬ್ಯಾಡ ಅಂದ್ನಿರಿ. ಐದು ಸಾವಿರ ಕೊಡ್ತೀನಿ ಅಂದ್ರ ತಪ್ಪು ಒಪ್ಪಿಕೊಂಡಂಗ ಆತಲ್ರಿ? ಹಂಗಾರ ಪೂರಾ ಕೊಡ್ಲಿ. ಹನ್ನೊಂದು ದಿನದ್ದೂ ಕೊಡ್ಲಿ."

ಸರ್ಕಾರದ ಇ-ಜಾಗೃತಿ ಜಾಲತಾಣದಲ್ಲಿ ಮಗಳೇ ಕೂತು ದೂರು ತುಂಬಿದ್ದಾಳೆ. ಹೊಟ್ಟೆಪಾಡಿಗೆ ತಾನೇ ಓಡಿಸುವ ಗಾಡಿ ಅನ್ನುವ ಮಾತನ್ನು ಎರಡು ಕಡೆ ಬರೆದಿದ್ದಾಳಂತೆ. ತಾರೀಖು ಇನ್ನೂ ಬಂದಿಲ್ಲ. ಸವೆದ ಆ ಹಳೇ ಕ್ಲಚ್ ಪ್ಲೇಟು ಒಂದು ರವೆ ಚೀಲದಲ್ಲಿ ಸುತ್ತಿ ಗಾಡಿಯ ಡಿಕ್ಕಿಯಲ್ಲಿದೆ. ಪ್ರಯಾಣಿಕರ ಸೂಟ್‌ಕೇಸು ಇಡುವಾಗ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾರಂತೆ. ಹೋದ ಭಾನುವಾರ ಮತ್ತೆ ಫೋನು ಮಾಡಿದ್ದರು, ಈ ಸಲ ಹಾಡಿಗೆ.