ಒಡೆದ ಮೂತ್ರಕೋಶಕ್ಕೆ ಹೊಲಿಗೆ

ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ, ಹುಮನಾಬಾದ್ ದಾಟಿ ಜಹೀರಾಬಾದಿಗೆ ಹೋಗುವಾಗ ಸಿಗುವ ಊರು ಮನ್ನಾಏಖೇಳ್ಳಿ. ಇಂಥ ಹೆದ್ದಾರಿಗಳ ಅಪಘಾತದಲ್ಲಿ ಸೊಂಟದ ಮೂಳೆ ಮುರಿದರೆ ಅದರ ಚೂರು ಮೂತ್ರಕೋಶವನ್ನು ಚುಚ್ಚಬಹುದು. ದೂರದ ಪ್ರಯಾಣದಲ್ಲಿ ಮೂತ್ರ ತಡೆದು ಕುಳಿತವನ ಹೊಟ್ಟೆಗೆ ಪೆಟ್ಟು ಬಿದ್ದರಂತೂ ತುಂಬಿದ ಚೀಲ ಮೇಲ್ಭಾಗದಲ್ಲಿ ಬಿರಿದು, ಮೂತ್ರ ಹೊಟ್ಟೆಯೊಳಗೆ ಚೆಲ್ಲುವುದುಂಟು. ಖಾಲಿ ಚೀಲ ಅಷ್ಟು ಸುಲಭವಾಗಿ ಒಡೆಯದು.

ಇಂಥ ಗಾಯವೆಂದರೆ ಸಾವೇ ಎಂದು ಗ್ರೀಸಿನ ಹಿಪಾಕ್ರಟೀಸನ ಕಾಲದವರು ನಂಬಿದ್ದರು. ಸುಶ್ರುತಸಂಹಿತೆಯೂ ಬಸ್ತಿಯನ್ನು, ಅಂದರೆ ಮೂತ್ರಕೋಶವನ್ನು, ಕೂಡಲೇ ಪ್ರಾಣ ತೆಗೆಯುವ ಮರ್ಮಗಳಲ್ಲಿ ಎಣಿಸಿದೆ. ಆದರೆ ಅದರ ನೋಟ ಹೆಚ್ಚು ಸೂಕ್ಷ್ಮ. ಕಲ್ಲು ತೆಗೆಯಲು ಮಾಡಿದ ಗಾಯಕ್ಕೆ ಅದು ವಿನಾಯಿತಿ ಕೊಡುತ್ತದೆ. ಅಲ್ಲಿಯೂ ಎರಡೂ ಬದಿ ಸೀಳಿದರೆ ಬದುಕಿಲ್ಲ, ಒಂದೇ ಬದಿಯಾದರೆ ಮೂತ್ರ ಸೋರಿದರೂ ಯತ್ನದಿಂದ ಮಾಯುತ್ತದೆ ಎನ್ನುತ್ತದೆ. ಕತ್ತಿ ಹಿಡಿದು ಕಂಡವರ ಮಾತಿದು!

ಅಮೆರಿಕದ ಪಿಟ್ಸ್‌ಬರ್ಗಿನ ವೈದ್ಯ ವಾಲ್ಟರ್ ರೋಗಿಯ ಹೊಟ್ಟೆ ತೆರೆದು, ಚೆಲ್ಲಿದ್ದ ಮೂತ್ರವನ್ನು ಒರೆಸಿ ತೆಗೆದರು. ಹರಿದದ್ದನ್ನು ಹೊಲಿಯಲಿಲ್ಲ, ಆದರೂ ರೋಗಿ ಉಳಿದ. ಹೊಲಿದು ಇಬ್ಬರನ್ನು ಉಳಿಸಿದ ವರದಿಯನ್ನು ಲಂಡನ್ನಿನ ವಿಲಿಯಂ ಮ್ಯಾಕ್‌ಕಾರ್ಮಕ್ ಪ್ರಕಟಿಸಿದ್ದು 1886ರಲ್ಲಿ. ಅಷ್ಟರಲ್ಲಿ ಲಿಸ್ಟರನ ಕ್ರಿಮಿನಾಶಕ ವಿಧಾನ ಶಸ್ತ್ರಕ್ರಿಯೆಯ ಕೋಣೆಗೆ ಬಂದಿತ್ತು.

ಹೊಟ್ಟೆಯೊಳಕ್ಕೆ ಬಿರಿದ ಚೀಲಕ್ಕೆ ಇಂದಿಗೂ ಹೊಲಿಗೆಯೇ ಮದ್ದು. ಅದಕ್ಕೆ ಕರಗುವ ದಾರವೇ ಬೇಕು. ಕರಗದ ದಾರದ ಸುತ್ತ ಕಲ್ಲು ಕಟ್ಟುತ್ತದೆ. ಸೊಂಟದೊಳಗೆ ಮಾತ್ರ ಸೋರುವ ಸಾಧಾರಣ ಗಾಯಕ್ಕೆ ಹೆಚ್ಚಾಗಿ ಚಾಕು ಬೇಕಾಗದು. ಕ್ಯಾಥೆಟರ್ ನಳಿಕೆ ಹಾಕಿ ಸುಮಾರು ಎರಡು ವಾರ ಚೀಲವನ್ನು ಖಾಲಿ ಇಟ್ಟರೆ ತಾನಾಗಿ ಕೂಡಿಕೊಳ್ಳುತ್ತದೆ. ಪೆಟ್ಟು ತಿಂದವನ ಮೂತ್ರದಲ್ಲಿ ರಕ್ತ ಕಂಡರೆ, ಇಲ್ಲವೆ ಮೂತ್ರವೇ ಬಾರದಿದ್ದರೆ, ವೈದ್ಯರಿಗೆ ಮೊದಲು ಹೇಳಬೇಕಾದ ಸಂಗತಿ ಅದೇ.