ವಿದ್ಯುಜ್ಜಾಲವೂ ವಾರ್ತೆಯ ವೇಗವೂ

ವಿದ್ಯುಚ್ಛಕ್ತಿಯ ಚರಿತ್ರೆಯನ್ನು ಬರೆಯುವವರು ಅಣೆಕಟ್ಟುಗಳನ್ನೂ ಯಂತ್ರಗಳನ್ನೂ ವರ್ಣಿಸುವುದು ವಾಡಿಕೆ. ಆ ಶಕ್ತಿಯೊಡನೆ ಸಾಗಬೇಕಾದ ವಾರ್ತೆಯ ಚರಿತ್ರೆಯೂ ಅಷ್ಟೇ ವಿಚಾರಾರ್ಹವಾದುದು. ವಿದ್ಯುತ್ತನ್ನು ದವಸದಂತೆ ಕಣಜದಲ್ಲಿ ತುಂಬಿಡುವುದು ಸುಲಭವಲ್ಲ. ಬೇಡಿಕೆ ಹುಟ್ಟಿದ ಕ್ಷಣದಲ್ಲಿಯೇ ಉತ್ಪತ್ತಿಯೂ ಆಗಬೇಕು. ಆದುದರಿಂದ ಒಂದು ತುದಿಯ ಸುದ್ದಿ ಇನ್ನೊಂದು ತುದಿಗೆ ಸಕಾಲದಲ್ಲಿ ಮುಟ್ಟುವುದೇ ಈ ವ್ಯವಸ್ಥೆಯ ಜೀವಾಳ.

1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗ ಈ ಸಮಸ್ಯೆ ಸರಳವಾಗಿತ್ತು: ಉತ್ಪಾದನೆಯ ಸ್ಥಾನ ಒಂದು, ಮುಖ್ಯ ಗ್ರಾಹಕ ಒಂದು. ತಿರುವಾಂಕೂರಿನಲ್ಲಿಯೂ ಆರಂಭ ಹೀಗೆಯೇ ಆಯಿತು. 1929ರಲ್ಲಿ ತಿರುವನಂತಪುರ ನಗರಕ್ಕೆ ವಿದ್ಯುದ್ದೀಪಗಳು ಬಂದವು. 1940ರಲ್ಲಿ ಪಳ್ಳಿವಾಸಲ್ ಜಲವಿದ್ಯುದಾಗಾರವು ಕೆಲಸಮಾಡತೊಡಗಿತು. ಕೊಚ್ಚಿಯ ಸಮೀಪದ ಆಲುವಾಯಿಯಲ್ಲಿ ಅಲ್ಯೂಮಿನಿಯಂ ಕೈಗಾರಿಕೆ ನೆಲೆಗೊಳ್ಳುವುದಕ್ಕೆ ಅದು ನೆರವಾಯಿತು. 1957ರಲ್ಲಿ ಕೇರಳ ರಾಜ್ಯ ವಿದ್ಯುಚ್ಛಕ್ತಿ ಮಂಡಲಿ ಸ್ಥಾಪಿತವಾಗಿ, 1976ರಲ್ಲಿ ಇಡುಕ್ಕಿಯ ಯೋಜನೆ ಉದ್ಘಾಟನೆಗೊಂಡ ಮೇಲೆ ಜಾಲವು ವಿಸ್ತಾರಗೊಂಡಿತು.

ಹಲವು ಯಂತ್ರಗಳು ಒಂದೇ ಜಾಲಕ್ಕೆ ಸೇರಿದಾಗ ತಂತಿಯೇ ಒಬ್ಬ ದೂತನಾಗುತ್ತದೆ. ಭಾರತದಲ್ಲಿ ವಿದ್ಯುತ್ಪ್ರವಾಹದ ಆವರ್ತನ ಸೆಕೆಂಡಿಗೆ 50. ಹೊರೆ ಹೆಚ್ಚಿದರೆ ಅದು ಇಳಿಯುತ್ತದೆ, ತಗ್ಗಿದರೆ ಏರುತ್ತದೆ. ಈ ಸೂಚನೆ ಇಡುಕ್ಕಿಗೂ ಶರಾವತಿಗೂ ಬಹುಮಟ್ಟಿಗೆ ಒಮ್ಮೆಗೇ ತಿಳಿಯುವುದು. ಆದರೆ ಕೊರತೆಯುಂಟೆಂದು ಹೇಳುವ ಈ ದೂತನು ಅದು ಎಲ್ಲಿ ಹುಟ್ಟಿತೆಂದು ಹೇಳಲಾರನು. ಅದಕ್ಕಾಗಿಯೇ ಪ್ರತ್ಯೇಕವಾದ ವಾರ್ತಾವ್ಯವಸ್ಥೆ ಬೇಕಾಯಿತು. ಕೇರಳದ ಹೊರೆನಿರ್ವಹಣ ಕೇಂದ್ರವು ಕೊಚ್ಚಿಯ ಬಳಿಯ ಕಳಮಶ್ಶೇರಿಯಲ್ಲಿದೆ. ದಕ್ಷಿಣ ರಾಜ್ಯಗಳೆಲ್ಲಕ್ಕೂ ಸೇರಿದ ಕೇಂದ್ರವು ಬೆಂಗಳೂರಿನಲ್ಲಿದೆ. ಮೊದಲು ವಿದ್ಯುತ್ತಂತಿಯ ಮೇಲೆಯೇ ಸಂಕೇತಗಳನ್ನು ಹರಿಸುವ ಪದ್ಧತಿ ಬಳಕೆಗೆ ಬಂದಿತು. ಬಳಿಕ ಬೆಳಕಿನ ಎಳೆಗಳೂ ಗಣಕಯಂತ್ರಗಳೂ ಬಂದವು. ಈಗ ದೂರದೂರದ ಅಳತೆಗಳಿಗೆ ಉಪಗ್ರಹದ ಗಡಿಯಾರದಿಂದ ಒಂದೇ ಕಾಲಮುದ್ರೆಯನ್ನೊತ್ತಿ, ಸೆಕೆಂಡಿಗೆ ಹಲವು ಬಾರಿ ಕಳುಹಿಸುವ ಉಪಕರಣಗಳುಂಟು. ತಡವಾಗಿ ಬಂದ ಸುದ್ದಿ ಇಲ್ಲಿ ಸುಳ್ಳು ಸುದ್ದಿಗೆ ಸಮಾನ.

ಈ ಮಾತಿನ ತೂಕವು 2012ರ ಜುಲೈ 30 ಮತ್ತು 31ರಂದು ದೇಶಕ್ಕೆ ಮನದಟ್ಟಾಯಿತು. ಮೊದಲನೆಯ ದಿನ ಬೀನಾ–ಗ್ವಾಲಿಯರ್ ಮಾರ್ಗದ ರಕ್ಷಣೋಪಕರಣವು ಅಧಿಕ ಹೊರೆಯನ್ನೇ ದೋಷವೆಂದು ಗ್ರಹಿಸಿ ಮಾರ್ಗವನ್ನು ಕಡಿಯಿತು. ಉತ್ತರದ ಜಾಲ ಕುಸಿಯಿತು. ಮರುದಿನ ಪೂರ್ವ ಹಾಗೂ ಈಶಾನ್ಯದ ಜಾಲಗಳೂ ಅದರೊಡನೆ ಕತ್ತಲಾದವು. ತನ್ನ ಕಣ್ಣೆದುರಿನ ತಂತಿಯನ್ನು ಮಾತ್ರ ಕಾಣುವ ಉಪಕರಣವು ಜಾಲದ ಒಟ್ಟು ಸ್ಥಿತಿಯನ್ನು ಅರಿಯಲಾರದಾಯಿತು. ಮಿತಿಮೀರಿ ವಿದ್ಯುತ್ ಸೆಳೆಯಬಾರದೆಂಬ ಆದೇಶಗಳಿಗೆ ರಾಜ್ಯಗಳಿಂದ ತಕ್ಕ ಪ್ರತಿಕ್ರಿಯೆ ಬರಲಿಲ್ಲವೆಂಬುದೂ ವಿಚಾರಣೆಯಲ್ಲಿ ಕಂಡುಬಂದಿತು.

ಆಗ ದಕ್ಷಿಣದ ಜಾಲವು ಪ್ರತ್ಯೇಕ ಆವರ್ತನದಲ್ಲಿ ನಡೆಯುತ್ತಿದ್ದುದರಿಂದ ಕೊಚ್ಚಿ, ತಿರುವನಂತಪುರ, ಬೆಂಗಳೂರುಗಳು ಆ ಕತ್ತಲೆಯಿಂದ ಪಾರಾದವು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ದಕ್ಷಿಣವೂ ಅಖಿಲ ಭಾರತ ಜಾಲಕ್ಕೆ ಸೇರಿತು. ತನ್ನ ಬೇಡಿಕೆಯ ಬಹುಭಾಗವನ್ನು ಹೊರಗಿನಿಂದ ತರಿಸುವ ಕೇರಳಕ್ಕೆ ಈ ಸಂಬಂಧ ಉಪಕಾರಕವಾದುದೇ ಸರಿ. ಆದರೆ ನೆರವು ಬರುವ ದಾರಿಯಲ್ಲಿಯೇ ವಿಪತ್ತೂ ಬರಬಲ್ಲುದು. ಅದನ್ನು ತಡೆಯಲು ವಾರ್ತೆಯು ಸಕಾಲದಲ್ಲಿ ಮುಟ್ಟಿದರೆ ಮಾತ್ರ ಸಾಲದು. ಮುಟ್ಟಿದ ವಾರ್ತೆಯನ್ನು ಮನ್ನಿಸುವ ಶಿಸ್ತೂ ಬೇಕು. ಮೊದಲನೆಯದನ್ನು ಯಂತ್ರಗಳು ಒದಗಿಸಿಯಾವು. ಎರಡನೆಯದು ಮನುಷ್ಯರ ಹೊಣೆ.