ಸಹ್ಯಾದ್ರಿಯ ಮಣ್ಣಿನಲ್ಲಿ ಅಣುಯುಗದ ಗುರುತು

ಗತಕಾಲದ ಸಾಕ್ಷ್ಯವನ್ನು ಕಲ್ಲಿನಲ್ಲಿಯೂ ತಾಮ್ರಪಟದಲ್ಲಿಯೂ ಅರಸುವುದು ನಮ್ಮ ಇತಿಹಾಸಕಾರರ ರೂಢಿ. ಅಣುಯುಗದ ಸಾಕ್ಷ್ಯವಾದರೋ ಉತ್ತ ಹೊಲದ ಮಣ್ಣಿನಲ್ಲಿಯೇ ಇದೆ. 1945ರಿಂದ ಮೊದಲ್ಗೊಂಡು ಬಲಾಢ್ಯ ರಾಷ್ಟ್ರಗಳು ಬಯಲಿನಲ್ಲಿ ಸಿಡಿಸಿದ ಬಾಂಬುಗಳ ಧೂಳು ವಾಯುಮಂಡಲದ ಮೇಲ್ಪದರವನ್ನು ಸೇರಿ, ಜಗತ್ತನ್ನೆಲ್ಲ ಸುತ್ತಿ, ಮಳೆಯೊಡನೆ ಕೆಳಗಿಳಿಯಿತು. ಲೋಣಾವಳಾದ ಸುತ್ತಣ ಭತ್ತದ ಗದ್ದೆಗಳಿಗೂ, ಅದೇ ಸಹ್ಯಾದ್ರಿಯ ದಕ್ಷಿಣಕ್ಕಿರುವ ಕಾರವಾರ ತಾಲೂಕಿನ ಕೈಗಾಕ್ಕೂ ಮುಂಗಾರು ತಂದುದು ಆ ಒಂದೇ ಧೂಳನ್ನು.

ಅದರಲ್ಲಿ ಒಕ್ಕಲಿಗನಿಗೆ ಮುಖ್ಯವಾದವು ಎರಡು: ಸೀಸಿಯಂ-137 ಮತ್ತು ಸ್ಟ್ರಾನ್ಷಿಯಂ-90. ಅವುಗಳ ಅರ್ಧಾಯುಷ್ಯ ಸುಮಾರು 30 ವರ್ಷ. ಮೊದಲನೆಯದು ಪೊಟ್ಯಾಸಿಯಂನಂತೆ, ಎರಡನೆಯದು ಕ್ಯಾಲ್ಸಿಯಂನಂತೆ ವರ್ತಿಸಿ ಬೆಳೆಯನ್ನೂ ಹುಲ್ಲನ್ನೂ ಹಾಲನ್ನೂ ಸೇರುತ್ತವೆ. ಸೀಸಿಯಂ ಜೇಡಿಮಣ್ಣಿನ ಕಣಕ್ಕೆ ಅಂಟಿ ಮೇಲ್ಪದರದಲ್ಲಿಯೇ ಬಹುಕಾಲ ನಿಲ್ಲುತ್ತದೆ. ನೇಗಿಲು ಅದನ್ನು ಕೆಳಕ್ಕೆ ಬೆರೆಸುತ್ತದೆ, ಮಳೆ ಮಣ್ಣಿನೊಡನೆ ಕೊಚ್ಚಿ ಒಯ್ಯುತ್ತದೆ. ಆದುದರಿಂದ ಒಂದು ಸಲದ ಅಳತೆ ಸಾಲದು. ಇದನ್ನರಿತೇ ವಿಶ್ವಸಂಸ್ಥೆ 1955ರಲ್ಲಿ ವಿಕಿರಣದ ಅಧ್ಯಯನಕ್ಕೆ ವಿಜ್ಞಾನಿಗಳ ಸಮಿತಿಯೊಂದನ್ನು ನೇಮಿಸಿತು. 1963ರ ಒಪ್ಪಂದದಿಂದ ಬಯಲು ಪರೀಕ್ಷೆಗಳು ಬಹುಮಟ್ಟಿಗೆ ತಗ್ಗಿದವು. 1980ರಲ್ಲಿ ಚೀನಾ ನಡೆಸಿದುದೇ ಕಡೆಯದು.

ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರದ ಯೋಜನೆ ಬಂದಾಗ ಪ್ರತಿಭಟನೆ ಎದ್ದಿತು. ಶಿವರಾಮ ಕಾರಂತರು ಈ ಪ್ರಶ್ನೆಯನ್ನೆತ್ತಿಕೊಂಡು 1989ರ ಲೋಕಸಭಾ ಚುನಾವಣೆಗೂ ನಿಂತರು. ಅತ್ತ ಮಂಗಳೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಸ್ಥಾವರ ನಡೆಯುವುದಕ್ಕೆ ಮುನ್ನವೇ ಆ ಪರಿಸರದ ಮಣ್ಣು, ಸಸ್ಯಗಳಲ್ಲಿನ ವಿಕಿರಣವನ್ನು ಅಳೆಯತೊಡಗಿದರು. 1999ರ ಸೆಪ್ಟೆಂಬರಿನಲ್ಲಿ ಮೊದಲ ರಿಯಾಕ್ಟರು ಚಾಲನೆಗೊಂಡಿತು. ಅಲ್ಲಿನ ನೆಲದಲ್ಲಿ ಬಾಂಬಿನ ಸೀಸಿಯಂ ಅದಕ್ಕೆ ಮೊದಲೇ ಇದ್ದಿತು.

ಈ ಪೂರ್ವಮಾಪನದ ಬೆಲೆಯನ್ನು ಎರಡೂ ಪಕ್ಷದವರು ಅರಿಯಬೇಕು. ಅದಿಲ್ಲದಿದ್ದರೆ ಹಳೆಯ ಬಾಂಬಿನ ಧೂಳನ್ನು ಸ್ಥಾವರದ ತಲೆಗೆ ಕಟ್ಟಬಹುದು; ನಾಳೆ ಸ್ಥಾವರದಿಂದಲೇ ಸೋರಿದುದನ್ನು ಹಳೆಯ ಧೂಳೆಂದು ಮುಚ್ಚಿಹಾಕಲೂಬಹುದು. ಮೊದಲ ಲೆಕ್ಕವಿಲ್ಲದ ನೆಲದಲ್ಲಿ ಆರೋಪಕ್ಕೂ ಅಭಯಕ್ಕೂ ಸಮಾನವಾಗಿ ಆಧಾರವಿಲ್ಲ.

1963ರಲ್ಲಿ ಬಿದ್ದ ಸೀಸಿಯಂನಲ್ಲಿ ಇಂದು ಉಳಿದಿರುವುದು ಕಾಲುಭಾಗಕ್ಕಿಂತ ತುಸು ಕಡಿಮೆ. ಅಂದರೆ ಈ ಕಾವಲು ಒಬ್ಬ ಅಧಿಕಾರಿಯ ಸೇವಾವಧಿಯದಲ್ಲ, ತಲೆಮಾರುಗಳದು. ಕೈಗಾದಲ್ಲಿ 4 ಘಟಕಗಳು ನಡೆಯುತ್ತಿವೆ, ಮತ್ತೆರಡು ಬರಲಿವೆ. ಆ ಮೊದಲ ಅಳತೆಗಳು ಆಂಗ್ಲ ವಿಜ್ಞಾನಪತ್ರಿಕೆಗಳಲ್ಲಿ ಅಚ್ಚಾಗಿವೆ. ಅವನ್ನು ಗದ್ದೆಯ ಒಡೆಯನು ಓದಬಲ್ಲ ಕನ್ನಡಕ್ಕೆ ತರುವುದು ಹೊರನಾಡಿನ ನಮ್ಮಂಥವರಿಂದಲೂ ಆಗಬಹುದಾದ ಕೆಲಸ. ಮಣ್ಣಿನ ಲೆಕ್ಕ ಮಣ್ಣನ್ನು ಉಳುವವನಿಗೆ ತಿಳಿದಿರಬೇಕಾದುದು ನ್ಯಾಯ.